ಎಕ್ಸ್‌ರೇಗೆ ಕಾಣದ ಕಣಕಿ ಸಿಬರು

"ಎಷ್ಟು ತಿಂಗಳ್ರೀ?"

ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನಲ್ಲಿ ಕೂತಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು.

"ಎಳ್ಳಮಾಸಿಗೆ ಆಗಿದ್ದು. ಎರಡ ತಿಂಗಳ ಆಗಲಾಕ ಬಂತು," ಅಂದರು ನನ್ನ ಅತ್ತೆ.

"ಮೊದಲನೇದೇನ್ರಿ?"

"ಮೊದಲನೇದು ನಾನೇ ತಗದೀನಿ, ಪಿನ್ನೀಲೆ. ಇನ್ನೊಂದು ಒಳಗ ಅದ ಅಂತಾಳ ಇಕಿ. ನನಗೇನ ನಂಬಿಕಿ ಇಲ್ಲ."

ಹುಡುಗಿ ಈಗ ತಲೆ ಎತ್ತಿದಳು. ಅತ್ತೆಯನ್ನು ನೋಡಿದಳು. ಪಕ್ಕದಲ್ಲಿ ನಿಂತ ಕಿರಿಸೊಸೆ ಸವಿತಾಳನ್ನು ನೋಡಿದಳು. ಆಮೇಲೆ ಗೋಡೆಯ ಮೇಲಿದ್ದ 'ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ' ಎಂಬ ಬೋರ್ಡನ್ನು ನೋಡಿದಳು. ಇನ್ನೊಂದು ಕ್ಷಣ ತಡವಾಗಿದ್ದರೆ ಪೊಲೀಸರಿಗೆ ಫೋನ್ ಹೋಗುತ್ತಿತ್ತೋ ಏನೋ. ನಾನು ನಡುವೆ ನುಗ್ಗಿ, "ಕೈರೀ, ಕೈ! ಕೈ ಸ್ಕ್ಯಾನ್ ಮಾಡಸಬೇಕು. ಸಿಬರು ಹೊಕ್ಕದ," ಅಂದೆ.

"ಸಿಬರಿಗೆ ಸ್ಕ್ಯಾನಿಂಗಾ?" ಹಿಂದೆ ಕೂತಿದ್ದ ತುಂಬು ಬಸುರಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ನೀವೂ ನಗುತ್ತಿದ್ದೀರಿ ಅಂತ ಗೊತ್ತು. ನಗಿ. ಆದರೆ ಆ ಸಿಬರಿನ ದೆಸೆಯಿಂದ ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಗಂಡನ ಮನೆ ಬಿಟ್ಟು ತವರಿಗೆ ಹೋಗುವ ತನಕ ಮಾತು ಬಂದಿತ್ತು. ಅದನ್ನು ಕೇಳಿದ ಮೇಲೆ ನಗು ಉಳಿದಿದ್ದರೆ ಮತ್ತೆ ನಗಿ.

ಈ ಅಂಕಣ ಓದುವವರಿಗೆ ನನ್ನ ಅತ್ತೆ ಗುರಮ್ಮ ಹೊಸಬರಲ್ಲ. ಅವರ ಬಗ್ಗೆ ಬರೆದಾಗಲೆಲ್ಲ ನಮ್ಮ ಮನೆಯವರು, "ನಮ್ಮವ್ವನ ಬಿಟ್ಟು ನಿನಗ ಬ್ಯಾರೆ ವಿಷಯ ಇಲ್ಲೇನು?" ಅಂತ ಕೇಳುತ್ತಾರೆ. (ಇವೆ. ಆದರೆ ಅತ್ತೆಯಷ್ಟು ರುಚಿಯಾಗಿಲ್ಲ.) ಹೊಸಬರಿಗಾಗಿ ಹೇಳಿಬಿಡುತ್ತೇನೆ. ನಾವಿರುವುದು ಕಲಬುರಗಿಯಲ್ಲಿ. ನಾನು ಇಲ್ಲಿಯ ಹೈಸ್ಕೂಲೊಂದರಲ್ಲಿ ಟೀಚರ್. ಅತ್ತೆ ಮಾವ ಇರುವುದು ಕಮಲಾಪುರದಲ್ಲಿ, ನನ್ನ ಮೈದುನ ಶರಣಪ್ಪನ ಜೊತೆ. ಅವನು ಕೆಂಪು ಬಾಳೆ ಬೆಳೆಯುತ್ತಾನೆ. ಅವನ ಹೆಂಡತಿ ಸವಿತಾ, ಅಂದರೆ ನನ್ನ ನೆಗೆಣ್ಣಿ, ಮದುವೆಯಾಗಿ ಬಂದು ಇದು ಎರಡನೇ ವರ್ಷ.

ಅತ್ತೆಗೆ ಓಣಿಯಲ್ಲಿ ಒಂದು ಹೆಸರಿದೆ. ಮುಳ್ಳು ತೆಗೆಯುವುದರಲ್ಲಿ ಗುರಮ್ಮನನ್ನು ಮೀರಿಸಿದವರಿಲ್ಲ. ಯಾರ ಕಾಲಿಗೆ ಜಾಲಿಮುಳ್ಳು ಹೊಕ್ಕರೂ ಕುಂಟುತ್ತ ನಮ್ಮ ಮನೆ ಕಟ್ಟೆಗೇ ಬರಬೇಕು. ಅತ್ತೆಯ ತಾಳಿಸರದಲ್ಲಿ ಯಾವಾಗಲೂ ಒಂದು ಪಿನ್ನು ಸಿಕ್ಕಿಸಿರುತ್ತದೆ. ಅದನ್ನು ಬೆಂಕಿಗೆ ಹಿಡಿದು, ಸೆರಗಿಗೆ ಒರೆಸಿ (ಅಲ್ಲಿಗೆ ಕಾಯಿಸಿದ್ದೆಲ್ಲ ದಂಡ!), ಚರ್ಮ ಬಿಡಿಸಿ, ಉಗುರಿನಿಂದ ಮುಳ್ಳನ್ನು ಎಳೆಯುತ್ತಾರೆ. ಎಳೆದದ್ದನ್ನು ಚುಚ್ಚಿಸಿಕೊಂಡವರ ಅಂಗೈ ಮೇಲಿಟ್ಟು "ನೋಡಕೋ" ಅನ್ನುವುದು ಅವರ ಪದ್ಧತಿ. ಆಮೇಲೆ ಗಾಯಕ್ಕೆ ಬೆಲ್ಲ ಸುಣ್ಣ, ಅದು ಒಳಗಿನದನ್ನು ಎಳೆಯುತ್ತದಂತೆ. ಫೀಸು ಏನೂ ಇಲ್ಲ, ಹೊಗಳಿಕೆ ಮಾತ್ರ ಕಡ್ಡಾಯ.

ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸ್ಯೆ, ನಮ್ಮ ಕಡೆ ಮನೆಯಲ್ಲಿ ಕೂತು ಮಾಡುವ ಹಬ್ಬವಲ್ಲ. ಸಜ್ಜೆ ರೊಟ್ಟಿ, ಕಡಬು, ಭಜ್ಜಿ ಪಲ್ಯ ಬುಟ್ಟಿಯಲ್ಲಿ ಕಟ್ಟಿಕೊಂಡು ಊರಿಗೂರೇ ಹೊಲಕ್ಕೆ ಹೋಗುತ್ತದೆ. ತಂದ ಅಡುಗೆಯಲ್ಲಿ ಒಂದಿಷ್ಟನ್ನು ನೈವೇದ್ಯವೆಂದು ಬೆಳೆಗೆ ಎರಚಿ, ಅಂದರೆ ಚರಗ ಚೆಲ್ಲಿ, ಅಲ್ಲೇ ಕೂತು ಉಂಡು ಸಂಜೆಗೆ ಮರಳುವುದು. ಈ ಸಲ ನಾವೂ ಕಲಬುರಗಿಯಿಂದ ಹೋಗಿದ್ದೆವು. ಪಲ್ಯ ಬಿಸಿ ಮಾಡಲು ಕಲ್ಲಿಟ್ಟು ಒಲೆ ಹೂಡಿ, ಸವಿತಾ ಕಣಕಿ ಮುರಿದು ಉರಿಗೆ ಹಾಕುತ್ತಿದ್ದಳು. ಕಣಕಿ ಅಂದರೆ ಒಣಗಿದ ಜೋಳದ ದಂಟು. ಅದು ಮುರಿಯುವಾಗ ಸಿಗಿಯಿತು. ಒಂದು ಸಿಬರು ಬಲಗೈ ಹೆಬ್ಬೆರಳಿನ ಬುಡದಲ್ಲಿ, ಅಂಗೈ ದಪ್ಪಗಿರುತ್ತದಲ್ಲ, ಅಲ್ಲಿ ಹೊಕ್ಕಿತು.

ಅತ್ತೆಗೆ ಅದಕ್ಕಿಂತ ಸಂಭ್ರಮ ಬೇಕೆ? ಪಿನ್ನು ಹೊರಬಂತು. ಎಲ್ಲರೂ ಸುತ್ತ ಕೂತು ನೋಡುವಾಗ ಕೆಲಸ ಮುಗಿಯಿತು. ಸವಿತಾಳ ಎಡಗೈ ಮೇಲೆ ಸಿಬರನ್ನು ಇಟ್ಟು "ನೋಡಕೋ" ಅಂದರು. ನಾವೆಲ್ಲ ಹೊಗಳಿದೆವು. ಉಂಡೆವು. ಮನೆಗೆ ಬಂದೆವು.

ಆ ಸಿಬರು ಮುರಿದಿತ್ತು ಅನ್ನುವುದು ನಮಗ್ಯಾರಿಗೂ ಹೊಳೆಯಲಿಲ್ಲ. ಅರ್ಧ ಅಂಗೈ ಮೇಲೆ ಕಂಡಿತು, ಇನ್ನರ್ಧ ಇನ್ನೊಂದು ಅಂಗೈಯ ಒಳಗೇ ಉಳಿಯಿತು.

ಗಾಯ ಮಾಯಿತು. ಮೇಲೆ ಚರ್ಮ ಬಂತು. ಸವಿತಾ ಕಸ ಗುಡಿಸಿದಳು, ಬಟ್ಟೆ ಒಗೆದಳು, ನೀರು ಸೇದಿದಳು. ಎಲ್ಲ ಸರಿ. ಆದರೆ ರೊಟ್ಟಿ ಬಡಿಯಲು ಕೂತರೆ ಮಾತ್ರ ಕೈ ಹಿಟ್ಟಿಗೆ ಬಿದ್ದ ಕೂಡಲೇ ಒಳಗೆ ಚುಚ್ಚಿದ ಹಾಗಾಗಿ "ಹಾ" ಅನ್ನುತ್ತಿದ್ದಳು. ಎರಡು ರೊಟ್ಟಿಗೆ ಕಣ್ಣಲ್ಲಿ ನೀರು.

ಇಲ್ಲೇ ಬಂದದ್ದು ಅನುಮಾನ. ಯಾಕೆಂದರೆ ಸವಿತಾ ಕಲಬುರಗಿ ಶಹರದ ಹುಡುಗಿ. ಅವಳ ತವರಿನಲ್ಲಿ ದಿನಾ ಚಪಾತಿ. ರೊಟ್ಟಿ ಬೇಕೆನಿಸಿದರೆ ಅಂಗಡಿಯಿಂದ ತರುವುದು. ರೊಟ್ಟಿ ಬಡಿಯುವುದನ್ನು ಅವಳು ಕಲಿತದ್ದೇ ಮದುವೆಯಾದ ಮೇಲೆ, ಅತ್ತೆಯ ಕೈಕೆಳಗೆ, ಬೈಸಿಕೊಂಡು. ಇನ್ನೇನು ರೊಟ್ಟಿ ದುಂಡಗೆ ಬರತೊಡಗಿತು ಅನ್ನುವಾಗ "ಕೈ ನೋವು" ಅಂದರೆ?

"ಅರಿವಿ ಒಗೀಲಾಕ ಬರ್ತದ, ನೀರ ಸೇದಲಾಕ ಬರ್ತದ. ರೊಟ್ಟಿ ಬಡೀಲಾಕ ಅಷ್ಟೇ ಬರಂಗಿಲ್ಲ ಅಂದ್ರ ಅದೆಂಥ ನೋವವ್ವಾ?" ಅತ್ತೆ ನನಗೆ ಫೋನಿನಲ್ಲಿ ಕೇಳಿದರು. "ಕುಣೀಲಾರದಾಕಿ ನೆಲ ಡೊಂಕ ಅಂದಳಂತ."

"ಒಳಗ ಏನರ ಉಳದಿರಬೇಕ್ರೀ ಅತ್ತಿ."

"ನಾ ತಗದ ಮುಳ್ಳು ಉಳದದ್ದು ಇಲ್ಲೀ ತನಕ ಯಾರರ ಹೇಳ್ಯಾರೇನು?" ಅಂದರು.

ನೋಡಿ, ವಿಷಯ ಅಲ್ಲಿತ್ತು. ಸೊಸೆಗೆ ನೋವಿದೆ ಅಂತ ಒಪ್ಪಿದರೆ ತಮ್ಮ ಪಿನ್ನು ಸೋತಿತು ಅಂತ ಒಪ್ಪಬೇಕು. ಅದಕ್ಕಿಂತ ಸೊಸೆ ನೆಪ ಹೇಳುತ್ತಿದ್ದಾಳೆ ಅನ್ನುವುದು ಸುಲಭ. ನಾವೆಲ್ಲ ಮಾಡುವುದೂ ಅದನ್ನೇ ಅಲ್ಲವೇ? ನಾನು ಕಲಿಸಿದ ಲೆಕ್ಕ ಇಡೀ ಕ್ಲಾಸಿಗೆ ತಿಳಿಯದಿದ್ದರೆ, ಹುಡುಗರು ದಡ್ಡರು!

ಕಮಲಾಪುರದ ನಮ್ಮ ಓಣಿಯಲ್ಲಿ ಮನೆಗಳು ಗೋಡೆಗೆ ಗೋಡೆ ಹತ್ತಿಕೊಂಡಿವೆ. ಬೆಳಿಗ್ಗೆ ಯಾರ ಮನೆಯಲ್ಲಿ ಯಾರು ರೊಟ್ಟಿ ಬಡಿಯುತ್ತಿದ್ದಾರೆ ಅಂತ ಸದ್ದಿನಿಂದಲೇ ಗೊತ್ತಾಗುತ್ತದೆ. ಸವಿತಾಳದು ಮೆಲ್ಲಗೆ, ತಡೆದು ತಡೆದು. ಅತ್ತೆಯದು ಜೋರು, ಬಿಡುವಿಲ್ಲದ ಬಡಿತ. ಒಂದು ದಿನ ಸದ್ದು ಬದಲಾಯಿತು. "ಯಾಕ ಗುರಮ್ಮ, ಮತ್ತ ನೀನೇ ಕುಂತೀಯಲ್ಲ ಒಲಿ ಮುಂದ?" ಅಂತ ಪಕ್ಕದ ಮನೆಯಾಕೆ ಕೇಳಿದಳು. ಅಷ್ಟು ಸಾಕಾಯಿತು. ಮನೆಯ ಮಾತು ಓಣಿಯ ಮಾತಾಯಿತು.

ಶರಣಪ್ಪ ಹೆಂಡತಿಯನ್ನು ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದ. ಏನೂ ಕಾಣುತ್ತಿಲ್ಲ, ಎಲುಬು ನಾರ್ಮಲ್ ಅಂದರು. ನೋವಿಗೆ ಗುಳಿಗೆ ಕೊಟ್ಟು ಕಳಿಸಿದರು.

ಆ ಎಕ್ಸ್‌ರೇ ಮನೆಗೆ ಬಂದದ್ದೇ ಬಂದದ್ದು, ಸವಿತಾಳ ಗತಿ ಕೆಟ್ಟಿತು. ಅತ್ತೆ ಅದನ್ನು ಪಡಸಾಲೆಯ ಮೊಳೆಗೆ ತೂಗುಹಾಕಿದರು. ಬಂದವರಿಗೆಲ್ಲ ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದರು. "ನೋಡ್ರಿ, ಎಲ್ಲಾ ಎಲುಬು ಬರೋಬರಿ ಅವ. ಮುಳ್ಳದೇನು? ಎಲ್ಲ್ಯದ ತೋರಸ್ರಿ." ಬಂದವರು ಕನ್ನಡಕ ಹಾಕಿಕೊಂಡು ಹುಡುಕಿದರು. ಯಾರಿಗೂ ಸಿಗಲಿಲ್ಲ. ಮಾವ ಎಂದಿನಂತೆ ಯಾವ ಪಕ್ಷಕ್ಕೂ ಸೇರದೆ ಹೊಲದ ದಾರಿ ಹಿಡಿದರು.

ಡಾಕ್ಟರರು ಅಂದದ್ದು "ಎಕ್ಸ್‌ರೇದಲ್ಲಿ ಏನೂ ಕಾಣುತ್ತಿಲ್ಲ" ಅಂತ. ಅದು ಮನೆ ಮುಟ್ಟುವ ಹೊತ್ತಿಗೆ "ಏನೂ ಇಲ್ಲ" ಆಗಿತ್ತು. ಓಣಿ ದಾಟುವ ಹೊತ್ತಿಗೆ "ನಾಟಕ" ಆಗಿತ್ತು. ನಮ್ಮಲ್ಲಿ ಹೆಂಗಸರ ಎಷ್ಟು ನೋವುಗಳು ಈ ದಾರಿಯಲ್ಲೇ ನಡೆದು ನಾಟಕವಾಗಿಲ್ಲ? ತಲೆನೋವು ಅಂದರೆ ಮೊಬೈಲ್ ನೋಡಿದ್ದಕ್ಕೆ. ಸೊಂಟನೋವು ಅಂದರೆ ಕೂತು ಉಂಡಿದ್ದಕ್ಕೆ. ಎದೆನೋವು ಅಂದರೆ ಗ್ಯಾಸು. ರಿಪೋರ್ಟು ನಾರ್ಮಲ್ ಬಂದರೆ ಖುಷಿಪಡಬೇಕಾದ ಹೆಂಗಸು ಹೆದರುವ ಪರಿಸ್ಥಿತಿ. ಇನ್ನು ಮೇಲೆ ನೋವು ಅಂತ ಬಾಯಿಬಿಡುವ ಹಾಗಿಲ್ಲವಲ್ಲ!

ಒಂದು ಮಧ್ಯಾಹ್ನ ಸ್ಕೂಲಿನಲ್ಲಿದ್ದಾಗ ಸವಿತಾಳ ಫೋನ್ ಬಂತು.

"ಅಕ್ಕಾ, ನನ್ನ ತವರಿಗೆ ಕಳಸತಾರಂತ."

"ಯಾಕ?"

"ಕೈ ಆರಾಮ ಆಗೂ ತನಕ ಅಲ್ಲೇ ಇದ್ದು ಬಾ ಅಂದ್ರು. ಶಿವರಾತ್ರಿ ಮುಗದ ಮ್ಯಾಲ."

"ಶರಣು ಏನಂತಾನ?"

"ಅವ್ವ ಹೇಳಿದ್ರ ಇವರೇನಂತಾರ ಅಕ್ಕಾ? 'ಸ್ವಲ್ಪ ದಿನ ಹೋಗಿ ಬಾ' ಅಂತಾರ." ಸ್ವಲ್ಪ ತಡೆದಳು. "ಎಕ್ಸ್‌ರೇದಾಗ ಏನೂ ಇಲ್ಲಂದ ಮ್ಯಾಲ ಆರಾಮ ಆಗಲಾಕ ಏನದ? ಸುಳ್ಳ ಹೇಳೂ ಹೆಣಮಗಳು ಅಂತ ಹೋದ್ರ, ಮತ್ತ ನನ್ನ ಕರೀಲಾಕ ಯಾರ ಬರ್ತಾರ?"

ನನಗೆ ಸಿಟ್ಟು ಬಂತು. ಅತ್ತೆಯ ಮೇಲೆ, ಶರಣಪ್ಪನ ಮೇಲೆ, ಹೊಲಕ್ಕೆ ಹೋದ ಮಾವನ ಮೇಲೆ. ತವರಿಗೆ ಕಳಿಸುವುದರಲ್ಲಿ ಎರಡು ಥರ ಇದೆ. ಸೀರೆ ಉಡಿಸಿ, ಬುತ್ತಿ ಕಟ್ಟಿ ಕಳಿಸುವುದು ಒಂದು. "ಹೋಗಿ ಬಾ" ಅಂತ ಹೇಳಿ, "ಬಾ" ಅನ್ನುವುದನ್ನು ಮೆಲ್ಲಗೆ ನುಂಗುವುದು ಇನ್ನೊಂದು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಈ ಎರಡರ ನಡುವಿನ ವ್ಯತ್ಯಾಸವನ್ನು ಯಾರೂ ಕಲಿಸಬೇಕಿಲ್ಲ.

ಆ ಭಾನುವಾರವೇ ಕಮಲಾಪುರದ ಬಸ್ಸು ಹತ್ತಿದೆ. ಸವಿತಾಳ ಕೈ ನೋಡಿದೆ. ಮೇಲೆ ಏನೂ ಕಾಣುವುದಿಲ್ಲ. ಒತ್ತಿದರೆ ಒಂದು ಕಡೆ ಕಾಳಿನಷ್ಟು ಗಟ್ಟಿ, ಅಲ್ಲಿ ಬೆರಳಿಟ್ಟ ಕೂಡಲೇ ಕೈ ಎಳೆದುಕೊಳ್ಳುತ್ತಾಳೆ. ಕಲಬುರಗಿಯ ನಮ್ಮ ಮನೆ ಹತ್ತಿರದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ.

"ಟೀಚರ್, ಸೂಜಿ ಆದ್ರ ಎಕ್ಸ್‌ರೇದಾಗ ಕಾಣ್ತದ. ಗಾಜೂ ಬಹಳ ಸಲ ಕಾಣ್ತದ. ಕಟ್ಟಿಗಿ, ಮುಳ್ಳು, ದಂಟು ಹೆಚ್ಚಾಗಿ ಕಾಣಂಗಿಲ್ಲ. ಸೋನೋಗ್ರಫಿ ಮಾಡಸ್ರಿ, ಇದ್ರ ಅದರಾಗ ಕಾಣ್ತದ," ಅಂದರು.

ಫೋನಿನ ಸ್ಪೀಕರ್ ಹಾಕಿದ್ದೆ. (ಬೇಕಂತಲೇ.) ಅತ್ತೆ ಎಲ್ಲ ಕೇಳಿಸಿಕೊಂಡರು. "ಹೊಟ್ಟಿ ನೋಡೂ ಮಷೀನಿನಾಗ ಕೈ ನೋಡತಾರಾ?" ಅಂದರು. ಆಮೇಲೆ ಸೆರಗು ಸರಿ ಮಾಡಿಕೊಂಡು ಎದ್ದರು. "ನಾನೂ ಬರ್ತೀನಿ. ನನ್ನ ಕಣ್ಣೀಲೆ ನೋಡಬೇಕು."

ನಾನು ಅಂದೇ ಸಂಜೆ ಕಲಬುರಗಿಗೆ ಮರಳಿ, ಮರುದಿನ ರಜೆ ಹಾಕಿದೆ. ಅತ್ತೆ ಸೊಸೆ ಇಬ್ಬರೂ ಸ್ಕ್ಯಾನಿಂಗಿಗೆ ಹೊರಟಿದ್ದಾರೆ ಅನ್ನುವ ಸುದ್ದಿ ಅವರಿಗಿಂತ ಮೊದಲು ಬಸ್‌ಸ್ಟ್ಯಾಂಡ್ ಮುಟ್ಟಿತ್ತಂತೆ. ಪಕ್ಕದ ಮನೆಯಾಕೆ ಸವಿತಾಳ ಉಡಿಯಲ್ಲಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಾಕಿ ಹರಸಿದ್ದಳು. ಅದು ಕೈಯ ಸ್ಕ್ಯಾನಿಂಗ್ ಅಂತ ಹೇಳಲು ಇಬ್ಬರಿಗೂ ಸಂಕೋಚವಾಗಿ ಸುಮ್ಮನೆ ಬಂದಿದ್ದರು.

ಹೀಗೆ ನಾವು ಮೂವರು ಆ ಕೌಂಟರಿನ ಮುಂದೆ ನಿಂತದ್ದು.

ಸ್ಕ್ಯಾನಿಂಗ್ ಮಾಡಿದವರು ಡಾಕ್ಟರ್ ಸಬೀಹಾ. ಇದೇ ಊರಿನ ಮೋಮಿನಪುರದಲ್ಲಿ ಹುಟ್ಟಿ ಬೆಳೆದವರು, ಉರ್ದು ಬೆರೆತ ಆ ಮಾತಿನ ಸೊಗಸು ಬಿಟ್ಟಿಲ್ಲ. "ಆವೋ ಅಮ್ಮಾ, ಜರಾ ಬಾಜೂಕ ಕೂಡ್ರಿ. ಪೇಶಂಟ್ ನೀವಲ್ಲ, ಇವರು," ಅಂತ ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿದರು. ಸವಿತಾಳಿಗೆ, "ಒಂದೇ ಬೆರಳಿನಿಂದ ತೋರಿಸಿ. ಎಲ್ಲಿ ಜಾಸ್ತಿ ನೋವದ?" ಅಂದರು. ಅವಳು ತೋರಿಸಿದಳು. ಅಲ್ಲಿ ತಣ್ಣನೆಯ ಜೆಲ್ ಹಚ್ಚಿದರು.

"ಇದು ಮುಳ್ಳು ಎಳೀತದೇನ್ರಿ?" ಅತ್ತೆಗೆ ಬೆಲ್ಲ ಸುಣ್ಣದ ನೆನಪು.

"ಇಲ್ಲಮ್ಮಾ, ಇದು ಮಷೀನಿಗೆ ದಾರಿ ಮಾಡಿ ಕೊಡತದ, ಅಷ್ಟೇ. ನಾವು ಒಳಗ ಸದ್ದು ಕಳಸತೀವಿ. ಅದು ಬಡದು ತಿರುಗಿ ಬರ್ತದ. ಅದರ ಮ್ಯಾಲಿಂದ ಚಿತ್ರ."

"ನನಗೇನ ಸದ್ದು ಕೇಳಸಲಿಲ್ಲ."

"ನಮಗೂ ಕೇಳಸಂಗಿಲ್ಲಮ್ಮಾ."

ಅತ್ತೆ ನನ್ನ ಮುಖ ನೋಡಿದರು. ಕೇಳಿಸದ ಸದ್ದು, ಕಾಣದ ಮುಳ್ಳು, ಇವರೆಲ್ಲ ಸೇರಿ ಏನೋ ಮಾಡುತ್ತಿದ್ದಾರೆ ಅನ್ನುವ ನೋಟ ಅದು.

ಡಾಕ್ಟರು ಮಷೀನಿನ ಹಿಡಿಯನ್ನು ಅಂಗೈ ಮೇಲೆ ಮೆಲ್ಲಗೆ ಆಡಿಸಿದರು. ಪರದೆಯ ಮೇಲೆ ಬೂದುಬಣ್ಣದ ಗೆರೆಗಳು, ಚುಕ್ಕೆಗಳು. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಏನೂ ಇಲ್ಲ. ಅತ್ತೆ ಸ್ಟೂಲಿನ ಮೇಲೆ ಸ್ವಲ್ಪ ನೆಟ್ಟಗಾದರು. ಸವಿತಾ ಪರದೆ ನೋಡುತ್ತಲೇ ಇರಲಿಲ್ಲ, ಛಾವಣಿ ನೋಡುತ್ತಿದ್ದಳು. ಇಲ್ಲೂ ಏನೂ ಕಾಣದಿದ್ದರೆ? ನಾನೇ ಮುಂದೆ ನಿಂತು ಅವಳಿಗೆ ಇನ್ನೊಂದು ನಾರ್ಮಲ್ ರಿಪೋರ್ಟು ಕೊಡಿಸಿದ ಹಾಗಾಗುತ್ತದಲ್ಲ! ಆ ಮೊಳೆಗೆ ಇದೂ ಒಂದು ತೂಗಿಬೀಳುತ್ತದಲ್ಲ!

ಡಾಕ್ಟರು ಹಿಡಿಯನ್ನು ಅದೇ ಜಾಗದಲ್ಲಿ ಅಡ್ಡಕ್ಕೆ ತಿರುಗಿಸಿದರು.

"ಸಿಕ್ತು."

ಪರದೆಯ ನಡುವೆ ಒಂದು ಬಿಳಿ ಗೆರೆ. ಚಿಕ್ಕದು, ಒಂದು ಅಕ್ಕಿಕಾಳಿನಷ್ಟು. ಅದರ ಕೆಳಗೆ ಕಪ್ಪು ನೆರಳು, ಸುತ್ತಲೂ ಕಪ್ಪನೆಯ ಉಂಗುರ. "ಈ ಬಿಳೀ ಗೆರಿ ಅದಲ್ಲ, ಅದೇ ಸಿಬರು. ಸುತ್ತ ಕರ್ರಗಿರೋದು ಬಾವು. ಶರೀರ ಅದನ್ನ ಹೊರಗ ಹಾಕಲಾಕ ಜಗಳ ಮಾಡಾಕತ್ತದ," ಅಂದರು ಡಾಕ್ಟರು.

ಸವಿತಾ ಆಗ ತಲೆ ಹೊರಳಿಸಿದಳು. ಆ ಗೆರೆಯನ್ನು ನೋಡುತ್ತಲೇ ಇದ್ದಳು.

ಅತ್ತೆ ಸ್ಟೂಲಿನಿಂದ ಎದ್ದು ಪರದೆಯ ಹತ್ತಿರ ಹೋದರು. "ಅದು ಹೊಸಾದಿರಬೇಕು. ಮನ್ನೆ ಮನ್ನೆ ಹೊಕ್ಕಿರಬೇಕು."

"ಇಲ್ಲಮ್ಮಾ. ಸುತ್ತ ಇಷ್ಟು ಗಟ್ಟಿಯಾಗ್ಯದ ಅಂದ್ರ ಹಳೇದು. ತೆಗೆಯೋ ಮುಂದ ಮುರದು ಒಳಗ ಉಳದಿರಬೇಕು."

"ಎಕ್ಸ್‌ರೇದಾಗ ಇದ್ದಿಲ್ಲಲ್ರೀ ಬಾಯೀ!" ಅತ್ತೆ ಚೀಲದಿಂದ ಎಕ್ಸ್‌ರೇ ತೆಗೆದೇಬಿಟ್ಟರು. (ಅದನ್ನು ಕಲಬುರಗಿಗೂ ಹೊತ್ತು ತಂದಿದ್ದರು!)

ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ನಕ್ಕರು. "ಇದರದೇನೂ ತಪ್ಪಿಲ್ಲಮ್ಮಾ. ಎಲುಬು ಹೆಂಗದ ಅಂತ ಕೇಳಿದ್ದಕ್ಕ ಬರೋಬರಿ ಹೇಳ್ಯದ. ದಂಟು ಇದಕ ಕಾಣಂಗಿಲ್ಲ. ಕಾಣಲಿಲ್ಲ ಅಂದ್ರ ಇಲ್ಲ ಅಂತ ಅದು ಹೇಳಿಲ್ಲ, ನೀವು ಹೇಳೀರಿ."

ಅತ್ತೆ ಎಕ್ಸ್‌ರೇಯನ್ನು ಮಡಿಸಿದರು. ಎಕ್ಸ್‌ರೇ ಮಡಿಸುವುದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಇನ್ನು ತೆಗೆಯಬೇಕು. "ಹೆಂಗೂ ಎಲ್ಲ್ಯದ ಅಂತ ಗೊತ್ತಾಯ್ತಲ್ಲ, ತಗದಬಿಡ್ರಿ ಅತ್ಲಾಗ," ಅಂದೆ ನಾನು. ಅಷ್ಟು ಸುಲಭವಲ್ಲವಂತೆ. ಹೆಬ್ಬೆರಳಿನ ಬುಡದಲ್ಲಿ ನರಗಳಿವೆ, ರಕ್ತನಾಳಗಳಿವೆ, ಬೆರಳು ಮಡಿಸುವ ಹುರಿಗಳಿವೆ. ಕುರುಡಾಗಿ ಕೆದಕಿದರೆ ಸಿಬರು ಇನ್ನೂ ಒಳಗೆ ಸರಿಯಬಹುದು, ಇಲ್ಲವೇ ಕೈಗೇ ಅಪಾಯವಾಗಬಹುದು. ಅದಕ್ಕೇ ಪರದೆಯಲ್ಲಿ ನೋಡುತ್ತಲೇ ತೆಗೆಯುವುದು. ಸಬೀಹಾ ಮೇಡಂ ಮಷೀನಿನ ಹಿಡಿ ಹಿಡಿದು ದಾರಿ ತೋರಿಸುತ್ತಾರೆ, ಪಕ್ಕದ ಆಸ್ಪತ್ರೆಯ ಸರ್ಜನ್ ಬಂದು ಆ ದಾರಿಯಲ್ಲಿ ಚಿಮಟಿಗೆ ಹಾಕುತ್ತಾರೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅಂದ ನಮ್ಮ ಹಿರಿಯರಿಗೆ ಈ ಉಪಾಯ ಗೊತ್ತಿರಲಿಲ್ಲ ಪಾಪ.

"ಒಳಗ ಮನೀಯವರು ಒಬ್ಬರೇ ಬರಬಹುದು," ಅಂದರು ನರ್ಸ್.

ನಾನು ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಇಟ್ಟೂ ಆಗಿತ್ತು. ರಜೆ ಹಾಕಿದವಳು ನಾನು, ಡಾಕ್ಟರನ್ನು ಹುಡುಕಿದವಳು ನಾನು, ನಂಬಿದವಳು ನಾನು. ಇನ್ಯಾರು ಹೋಗಬೇಕು?

"ಅತ್ತಿ ಬರ್ಲಿ," ಅಂದಳು ಸವಿತಾ.

ನನಗೆ ಒಂದು ಕ್ಷಣ ಮುಖಕ್ಕೆ ಹೊಡೆದ ಹಾಗಾಯಿತು. ಆಮೇಲೆ ಅರ್ಥವಾಯಿತು. ನಂಬಿದವರನ್ನು ಒಳಗೆ ಕರೆದುಕೊಂಡು ಹೋಗಿ ಅವಳಿಗೆ ಏನಾಗಬೇಕಿತ್ತು? ಈ ಹುಡುಗಿ ನಾನು ತಿಳಿದದ್ದಕ್ಕಿಂತ ಜಾಣೆ. ಅತ್ತೆ ಅವಳ ಹಿಂದೆ ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಉಡಿಯ ಬಾಳೆಹಣ್ಣು ತಿಂದೆ.

ಬಹಳ ಹೊತ್ತೇನೂ ಆಗಲಿಲ್ಲ. ಅತ್ತೆ ಹೊರಗೆ ಬಂದರು. ಬಂದು ನನ್ನ ಪಕ್ಕ ಕೂತರು. ಸುಮ್ಮನಿದ್ದರು. ಮನೆಯಲ್ಲಾದರೆ ಮುಳ್ಳು ತೆಗೆದ ಮೇಲೆ ಅವರ ಮಾತು ನಿಲ್ಲಿಸುವವರಿರುವುದಿಲ್ಲ.

"ಬಂತೇನ್ರಿ ಅತ್ತಿ?"

"ಬಂತು."

ಆಮೇಲೆ ತಾವೇ ಶುರು ಮಾಡಿದರು. "ನೋವ ತಿಳೀದಂಗ ಕೈ ಬಧೀರ ಮಾಡೂ ಸೂಜಿ ಕೊಟ್ಟರು. ಸಣ್ಣಗ ಕೊಯ್ದರು. ಚಿಮಟಿಗಿ ಒಳಗ ಹೋಗೋದು ಟೀವಿಯಾಗ ಕಾಣತಿತ್ತು ನೋಡು, ಅದೂ ಬೆಳ್ಳಗ. ಹೋತು, ಹೋತು, ಸಿಬರಿನ ಬಾಜೂಕ ಹೋಗಿ ನಿಂತಿತು. ಹಿಡದು ಎಳದ್ರು. ಕರ್ರಗಾಗಿತ್ತು."

"ಒಳ್ಳೇದಾಯ್ತಲ್ರೀ."

"ಅದಲ್ಲವಾ." ಅತ್ತೆ ಸೆರಗಿನ ಚುಂಗು ಹಿಡಿದು ತಿರುವುತ್ತಿದ್ದರು. "ಡಾಕ್ಟರಬಾಯಿ ಆ ಸಿಬರು ಹತ್ತಿ ಮ್ಯಾಲ ಇಟ್ಟು ಅಕಿಗಿ ತೋರಿಸಿದ್ಳು. ಅಕಿ ಅದನ್ನ ನೋಡಿ ಏನಂದ್ಳು ಗೊತ್ತದೇನು? 'ಖರೇನ ಇತ್ತಲ್ರೀ ಮೇಡಂ' ಅಂದ್ಳು. 'ನನಗೂ ಅನುಮಾನ ಬಂದಿತ್ರೀ, ನಾನೇ ಸುಳ್ಳ ಹೇಳಾಕತ್ತೀನೋ ಏನೋ ಅಂತ' ಅಂದ್ಳು."

ಅತ್ತೆ ಮುಖ ಆ ಕಡೆ ತಿರುಗಿಸಿದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಬಂತು, ಯಾಕೆ ಸುಳ್ಳು ಹೇಳಲಿ.

ಸಿಬರು ಒಳಗೆ ಇರುವುದಕ್ಕಿಂತ ಇದು ಕೆಟ್ಟದ್ದು. ನಾಲ್ಕು ಜನ ಸೇರಿ "ನಿನಗೇನೂ ಇಲ್ಲ" ಅಂತ ದಿನಾ ಹೇಳುತ್ತ ಹೋದರೆ, ನೋವು ತಿನ್ನುವವಳೇ ಒಂದು ದಿನ ತನ್ನ ನೋವನ್ನು ಅನುಮಾನದಿಂದ ನೋಡತೊಡಗುತ್ತಾಳೆ. ಬಾವು ಬಂದದ್ದು ಅಂಗೈಯಲ್ಲಿ ಮಾತ್ರ ಅಂತ ನಾನು ತಿಳಿದಿದ್ದೆ. ಸವಿತಾ ಎಷ್ಟು ದಿನ ಬೆಳಿಗ್ಗೆ ಆ ಎಕ್ಸ್‌ರೇಯ ಮುಂದೆ ನಿಂತು ತನ್ನನ್ನೇ ಪ್ರಶ್ನಿಸಿಕೊಂಡಿದ್ದಳೋ ಯಾರಿಗೆ ಗೊತ್ತು.

ಸಂಜೆ ಇಬ್ಬರನ್ನೂ ಕಮಲಾಪುರದ ಬಸ್ಸಿಗೆ ಹತ್ತಿಸಿದೆ. ಸವಿತಾಳ ಕೈಗೆ ಬ್ಯಾಂಡೇಜು. ಕಿಟಕಿ ಪಕ್ಕದ ಸೀಟನ್ನು ಅತ್ತೆ ಅವಳಿಗೆ ಬಿಟ್ಟುಕೊಟ್ಟರು. (ಅತ್ತೆ ಕಿಟಕಿ ಬಿಟ್ಟುಕೊಡುವುದು ಅಂದರೆ ಏನು ಅಂತ ಅವರ ಜೊತೆ ಬಸ್ಸಿನಲ್ಲಿ ಹೋದವರಿಗೇ ಗೊತ್ತು.) ಕ್ಷಮಿಸು ಅನ್ನುವ ಮಾತು ನಮ್ಮ ಮನೆಗಳಲ್ಲಿ ದೊಡ್ಡವರ ಬಾಯಿಂದ ಬರುವುದಿಲ್ಲ. ಬಸ್ಸು ಹೊರಡುವಾಗ ಅತ್ತೆ ಕಿಟಕಿಯಿಂದ ಬಗ್ಗಿ, "ಶಿವರಾತ್ರಿ ಆದ ಮ್ಯಾಲ ಇಕಿ ಎಲ್ಲೂ ಹೋಗಂಗಿಲ್ಲ. ಶರಣುಗ ನೀನೇ ಒಂದ ಮಾತ ಹೇಳಿಬಿಡು," ಅಂದರು. ತಾವೇ ಹೊರಡಿಸಿದ ಹುಕುಂ, ವಾಪಸ್ ತೆಗೆದುಕೊಳ್ಳುವ ಕೆಲಸ ಮಾತ್ರ ನನಗೆ!

ಹೇಳಿದೆ. ಶರಣಪ್ಪ "ಆಯ್ತು ವೈನಿ" ಅಂದ. ಅವನಿಗೂ ಹಗುರಾಗಿತ್ತು ಅನಿಸುತ್ತದೆ. ಅದನ್ನು ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು ಅಂತ ಕೇಳಬೇಕೆಂದುಕೊಂಡೆ. ಕೇಳಿದೆ ಕೂಡ. ಅವನು ಬಾಳೆಗೆ ನೀರು ಬಿಡುವುದಿದೆ ಅಂತ ಫೋನ್ ಇಟ್ಟ. ಮಾವನ ಮಗ ಅಲ್ಲವೇ.

ಮೊನ್ನೆ ಬೆಳಿಗ್ಗೆ ಸವಿತಾಳಿಗೆ ಫೋನ್ ಮಾಡಿದ್ದೆ.

"ಹೆಂಗದವಾ ಕೈ?"

"ಪೂರಾ ಆರಾಮ ಆಗ್ಯದ ಅಕ್ಕಾ. ಹೊಲಿಗಿ ಬಿಚ್ಚ್ಯಾರ. ಒಂಚೂರೂ ನೋವಿಲ್ಲ."

"ಮತ್ತ ರೊಟ್ಟಿ?"

"ಬಡೀಲಾಕ ಎಲ್ಲಿ ಬಿಡತಾರ? ಹಿಟ್ಟಿಗಿ ಕೈ ಹಾಕಿದ್ರ ಸಾಕು, ಬಂದು ಕಸಗೋತಾರ. 'ನೋವದೇನು?' ಅಂತ ಕೇಳತಾರ. 'ಇಲ್ರೀ ಅತ್ತಿ' ಅಂತೀನಿ. 'ಸುಳ್ಳ ಹೇಳಬ್ಯಾಡ, ಅದ. ನಿನಗ ತಿಳಿಯಂಗಿಲ್ಲ, ನೀ ಸುಮ್ಮ ಕೂಡು' ಅಂತಾರ."

ನೋವಿದೆ ಅಂದಾಗ ನಂಬಲಿಲ್ಲ, ಇಲ್ಲ ಅಂದರೂ ನಂಬುತ್ತಿಲ್ಲ. ಸೊಸೆ ಹೇಳಿದ್ದನ್ನು ಹೇಳಿದ ಹಾಗೇ ನಂಬಬೇಕಾದರೆ ಅತ್ತೆಯಂದಿರಿಗೆ ಇನ್ನೂ ಯಾವ ಸ್ಕ್ಯಾನಿಂಗ್ ಮಾಡಿಸಬೇಕು, ನೀವೇ ಹೇಳಿ?